ಈ ಡಬ್ಬಿಯಲ್ಲಿ ಹಿಂದೆ ಏನಿತ್ತು?

ಅಮೆರಿಕದ ಊರುಗಳಲ್ಲಿ ಬೇಸಿಗೆಯ ಶನಿವಾರಗಳಂದು ಗರಾಜುಗಳ ಬಾಗಿಲು ತೆರೆದುಕೊಳ್ಳುತ್ತದೆ. ಮನೆಗೆ ಬೇಡವಾದದ್ದೆಲ್ಲ ಅಂಗಳದ ಮೇಜುಗಳ ಮೇಲೆ ಬಂದು ಕೂರುತ್ತದೆ. ಮಕ್ಕಳು ತುಳಿದು ಬಿಟ್ಟ ಸೈಕಲ್ಲು, ಮೇಜಿನ ದೀಪ, ಬೇಸ್‌ಬಾಲ್ ಕೈಗವಸು, ಪಿಂಗಾಣಿ ತಟ್ಟೆಗಳು. ಇವುಗಳ ನಡುವೆ ಒಮ್ಮೊಮ್ಮೆ ಮೊಣಕಾಲಿಗಿಂತ ತುಸು ಎತ್ತರದ ಸ್ಟೀಲ್ ಡಬ್ಬಿಯೊಂದು ನಿಂತಿರುತ್ತದೆ. ತಳಕ್ಕೂ ಕತ್ತಿಗೂ ಕಪ್ಪು ರಬ್ಬರಿನ ಪಟ್ಟಿ, ನೆತ್ತಿಯ ಮೇಲೆ ಮೊಟ್ಟೆಯಾಕಾರದ ಮುಚ್ಚಳ, ಅದರ ಅಕ್ಕಪಕ್ಕ ಹೆಬ್ಬೆರಳು ಗಾತ್ರದ ಎರಡು ಮೂತಿ. ಎಷ್ಟೋ ಸಲ ಮಾರುವವರಿಗೇ ಅದು ಏನೆಂದು ಗೊತ್ತಿರುವುದಿಲ್ಲ. ತೀರಿಹೋದ ಅಜ್ಜನ ನೆಲಮಾಳಿಗೆಯಿಂದ ಎತ್ತಿ ತಂದದ್ದು. ಗೊತ್ತಿರುವವರು ಮಾತ್ರ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂತಿಗಳ ಬುಡವನ್ನು ನೋಡುತ್ತಾರೆ.

ಅದು ಕಾರ್ನೆಲಿಯಸ್ ಕೆಗ್. ಮನೆಯಲ್ಲಿ ಬಿಯರ್ ತಯಾರಿಸುವವರ ಬಾಯಲ್ಲಿ ‘ಕಾರ್ನಿ’. ಬಿಯರಿಗೂ ಅದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ. ಹೋಟೆಲು, ಸಿನಿಮಾ ಮಂದಿರಗಳಿಗೆ ತಂಪು ಪಾನೀಯದ ಪಾಕವನ್ನು ಸಾಗಿಸಲು ಮಾಡಿದ 5 ಗ್ಯಾಲನ್ನಿನ, ಅಂದರೆ ಸುಮಾರು 19 ಲೀಟರಿನ ಡಬ್ಬಿ ಅದು. ಕೋಕಾ ಕೋಲಾದವರು ಒಂದು ಬಗೆಯ ಮೂತಿ ಇಟ್ಟುಕೊಂಡರು, ಪೆಪ್ಸಿಯವರು ಇನ್ನೊಂದು ಬಗೆಯದು. ಒಬ್ಬರ ನಳಿಗೆ ಇನ್ನೊಬ್ಬರ ಡಬ್ಬಿಗೆ ಕೂರುವುದಿಲ್ಲ. ಆಮೇಲೆ ಪಾನೀಯದ ಉದ್ಯಮ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿತು. ಲೆಕ್ಕವಿಲ್ಲದಷ್ಟು ಸ್ಟೀಲ್ ಡಬ್ಬಿಗಳು ಒಮ್ಮೆಗೇ ಕೆಲಸ ಕಳೆದುಕೊಂಡು ಗೋದಾಮುಗಳ ಮೂಲೆ ಸೇರಿದವು. ಅವುಗಳನ್ನು ಅಲ್ಲಿಂದ ಹೊರಗೆ ತಂದವರು ಮನೆಯಲ್ಲಿ ಬಿಯರ್ ಕುದಿಸುತ್ತಿದ್ದ ಜನ. ಬಾಟಲಿ ತೊಳೆದು ತೊಳೆದು ಬೇಸತ್ತಿದ್ದ ಅವರಿಗೆ ಇಡೀ ಒಂದು ಸಲದ ಬಿಯರನ್ನು ಹಿಡಿಯುವ, ಒತ್ತಡ ತಡೆಯುವ, ಕೈ ಹಾಕಿ ಉಜ್ಜಬಹುದಾದ ಪಾತ್ರೆ ಗುಜರಿಯ ಬೆಲೆಗೆ ಸಿಕ್ಕಿತು.

ಗುರುತಿಸುವುದು ಹೇಗೆ? ಪೆಪ್ಸಿಯವರದು ‘ಬಾಲ್ ಲಾಕ್’: ಸಪೂರ, ಎತ್ತರ, ಅಗಲ ಎಂಟೂವರೆ ಇಂಚು, ಎತ್ತರ ಸುಮಾರು 25 ಇಂಚು. ಕೋಕ್‌ನವರದು ‘ಪಿನ್ ಲಾಕ್’: ತುಸು ದಪ್ಪ, ಗಿಡ್ಡ, ಅಗಲ 9 ಇಂಚು. ಪಿನ್ ಲಾಕ್‌ನ ಮೂತಿಯಿಂದ ಸಣ್ಣ ಕಡ್ಡಿಗಳು ಹೊರಗೆ ಚಾಚಿರುತ್ತವೆ. ಎರಡು ಕಡ್ಡಿ ಇದ್ದರೆ ಗ್ಯಾಸ್ ಒಳಹೋಗುವ ಮೂತಿ, ಮೂರಿದ್ದರೆ ದ್ರವ ಹೊರಬರುವ ಮೂತಿ. ಬಾಲ್ ಲಾಕ್‌ನಲ್ಲಿ ಕಡ್ಡಿಗಳಿಲ್ಲ. ಗ್ಯಾಸಿನ ಮೂತಿಯ ಬುಡದಲ್ಲಿ ಸಾಮಾನ್ಯವಾಗಿ ಸಣ್ಣ ಕಚ್ಚುಗಳಿರುತ್ತವೆ, ದ್ರವದ್ದು ನುಣುಪಾಗಿರುತ್ತದೆ. ಕುಕ್ಕರುಗಾಲಲ್ಲಿ ಕೂತವರು ಹುಡುಕುವುದು ಈ ಕಚ್ಚನ್ನು. ಮನೆಯಲ್ಲಿರುವ ನಳಿಗೆಗಳೆಲ್ಲ ಒಂದು ಬಗೆಯವಾಗಿ ಡಬ್ಬಿ ಇನ್ನೊಂದು ಬಗೆಯದಾದರೆ ಅಗ್ಗದ ಖರೀದಿಯ ಮೇಲೆ ಹೊಸ ಖರ್ಚು ಏರುತ್ತದೆ. ಕಾರ್ನೆಲಿಯಸ್, ಫೈರ್‌ಸ್ಟೋನ್, ಸ್ಪಾರ್ಟನ್‌ಬರ್ಗ್, ಜಾನ್ ವುಡ್ ಹೀಗೆ ತಯಾರಕರು ಹಲವರು, ಮೂತಿಯ ತಿರುಪಿನ ಅಳತೆಯೂ ಹಲವು. ಹಾಗಾಗಿ ಡಬ್ಬಿಯ ಮೈಮೇಲೆ ಒತ್ತಿರುವ ಹೆಸರನ್ನು ಬರೆದುಕೊಂಡೇ ಬಿಡಿಭಾಗ ಕೇಳಬೇಕು.

ಮುಚ್ಚಳ ಮೊಟ್ಟೆಯಾಕಾರದಲ್ಲಿರಲು ಕಾರಣವಿದೆ. ನಮ್ಮ ಹಾಕಿನ್ಸ್ ಕುಕ್ಕರಿನ ಮುಚ್ಚಳದಂತೆ ಅದನ್ನು ಓರೆಯಾಗಿ ಒಳಗೆ ಇಳಿಸಿ, ತಿರುಗಿಸಿ, ಒಳಗಿನಿಂದ ಮೇಲಕ್ಕೆಳೆದು ಕೂರಿಸಬೇಕು. ಒಳಗಿನ ಒತ್ತಡವೇ ಅದನ್ನು ಬಿಗಿಹಿಡಿಯುತ್ತದೆ. ಆದ್ದರಿಂದ ಹಳೇ ಡಬ್ಬಿಯನ್ನು ಬರೀ ಕಣ್ಣಿನಿಂದ ನೋಡಿ ಸೋರುತ್ತದೋ ಇಲ್ಲವೋ ಹೇಳಲಾಗದು. ಅನುಭವಸ್ಥರು 30 ಪಿಎಸ್‌ಐ ಒತ್ತಡದ ತನಕ ಗ್ಯಾಸ್ ತುಂಬಿ, ಮುಚ್ಚಳದ ಸುತ್ತ, ಮೂತಿಗಳ ಸುತ್ತ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ಡಬ್ಬಿಯ ಮೈಮೇಲೆ ಸಾಮಾನ್ಯವಾಗಿ 130 ಪಿಎಸ್‌ಐ ಎಂಬ ಗರಿಷ್ಠ ಮಿತಿ ಒತ್ತಿರುತ್ತದೆ; ಬಿಯರ್ ಬಡಿಸಲು ಬೇಕಾದದ್ದು ಹತ್ತು ಹನ್ನೆರಡು ಮಾತ್ರ. ಮೈ ನೆಗ್ಗಿದ್ದರೆ ಚಿಂತೆಯಿಲ್ಲ. ಮುಚ್ಚಳ ಕೂರುವ ಅಂಚು ನೆಗ್ಗಿದ್ದರೆ ಆ ಡಬ್ಬಿಯನ್ನು ಅಲ್ಲೇ ಬಿಡಬೇಕು.

ಇನ್ನು ವಾಸನೆ. ಮುಚ್ಚಳ ತೆಗೆದು ಮೂಗು ಇಟ್ಟರೆ ಹಳೆಯ ಪಾಕದ ನೆನಪು ಇನ್ನೂ ಇರುತ್ತದೆ. ಅಮೆರಿಕದವರು ಇಷ್ಟಪಡುವ ‘ರೂಟ್ ಬಿಯರ್’ ಎಂಬ ಮದ್ಯವಿಲ್ಲದ ಪಾನೀಯದ ವಾಸನೆಯಂತೂ ಬಲು ಗಟ್ಟಿ. ಆದರೆ ಆ ವಾಸನೆ ಸ್ಟೀಲಿನಲ್ಲಿಲ್ಲ, ರಬ್ಬರಿನಲ್ಲಿದೆ. ಒಂದು ಕಾರ್ನಿಯಲ್ಲಿ ಐದು ರಬ್ಬರ್ ಉಂಗುರಗಳು: ಮುಚ್ಚಳಕ್ಕೆ ದೊಡ್ಡದೊಂದು, ಮೂತಿಗಳ ಹೊರಗೆ ಒಂದೊಂದು, ಒಳಗಿನ ಕೊಳವೆಗಳಿಗೆ ಒಂದೊಂದು. ಐದನ್ನೂ ಕಿತ್ತು ಎಸೆದು ಹೊಸದು ಹಾಕಿ, ಸೋಡಿಯಂ ಪರ್ಕಾರ್ಬೊನೇಟ್ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಡಬ್ಬಿ ಹೊಸ ಜನ್ಮ ಪಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಸಾಮಾನಿನ ಬಗ್ಗೆ ನನಗೆ ಇರುವ ಗೌರವಕ್ಕೆ ಈ ಡಬ್ಬಿಯೇ ಮುಖ್ಯ ಕಾರಣ. ಯಾವ ಭಾಗ ಹಳೆಯದನ್ನು ನೆನಪಿಟ್ಟುಕೊಳ್ಳುತ್ತದೆ, ಯಾವುದು ಮರೆಯುತ್ತದೆ ಎಂಬುದನ್ನು ಬಿಡಿಸಿ ನೋಡುವುದನ್ನು ಅದು ಕಲಿಸುತ್ತದೆ. ಈ ಹವ್ಯಾಸದ ಯಾವ ಹಳೇ ವಸ್ತುವನ್ನು ಎತ್ತಿಕೊಂಡರೂ ಕೇಳಬೇಕಾದ ಪ್ರಶ್ನೆ ಎರಡೇ: ಇದರಲ್ಲಿ ಹಿಂದೆ ಏನಿತ್ತು? ನಾನು ಇದನ್ನು ಬಳಸುವುದು ಕುದಿಯುವ ಮುಂಚೆಯೋ, ಕುದಿದ ಮೇಲೋ?

ಎರಡನೆಯ ಪ್ರಶ್ನೆ ಅರ್ಥವಾಗಲು ಬಿಯರ್ ಆಗುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒರಟಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿಡುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಒಂದು ಗಂಟೆ ಕುದಿಸುತ್ತಾರೆ. ಬೇಗ ತಣಿಸಿ ಯೀಸ್ಟ್ ಹಾಕಿ ವಾರಗಟ್ಟಲೆ ಹುದುಗಲು ಬಿಡುತ್ತಾರೆ. ಕುದಿಯುವ ತನಕ ಬಳಸಿದ ಪಾತ್ರೆಯಲ್ಲಿ ಯಾವ ಸೂಕ್ಷ್ಮಜೀವಿ ಅಡಗಿದ್ದರೂ ಕುದಿತ ಅದನ್ನು ಮುಗಿಸುತ್ತದೆ. ಕುದಿದ ಮೇಲೆ ಬಿಯರನ್ನು ಮುಟ್ಟುವ ಬಕೆಟ್ಟು, ಕೊಳವೆ, ನಲ್ಲಿ ಇವುಗಳಲ್ಲಿ ಒಂದು ಗೀರಿನೊಳಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಉಳಿದಿದ್ದರೂ 19 ಲೀಟರು ಬಿಯರ್ ಮೋರಿಯ ಪಾಲು. ಹಾಗಾಗಿ ಹಂಡೆ, ಬಸಿಯುವ ಪಾತ್ರೆ, ಕಾಳು ಒಡೆಯುವ ಯಂತ್ರ ಇವುಗಳನ್ನು ಧಾರಾಳವಾಗಿ ಹಳೆಯದೇ ಕೊಳ್ಳಬಹುದು. ಕುದಿತದ ಆಚೆಯ ದಂಡೆಯ ಸಾಮಾನಿನ ವಿಷಯದಲ್ಲಿ ಜಿಪುಣತನ ನಡೆಯದು.

ಈ ಗುಜರಿಯ ನಂಟು ಅಮೆರಿಕದ ಬಿಯರಿಗೆ ಎಷ್ಟು ಹಳೆಯದು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧವಿತ್ತು. ನಿಷೇಧ ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು 1978ರ ಅಕ್ಟೋಬರ್ 14ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಎಚ್.ಆರ್. 1337 ಎಂಬ ಮಸೂದೆಗೆ ಸಹಿ ಹಾಕಿದಾಗ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100, ಮಾರುವಂತಿಲ್ಲ. ಇಷ್ಟಾದರೂ ರಾಜ್ಯಗಳು ತಮ್ಮ ಕಾನೂನನ್ನು ಬೇರೆಯಾಗಿ ಬದಲಿಸಬೇಕಿತ್ತು. ಕೊನೆಯಲ್ಲಿ ಉಳಿದ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ.

ಆ ಸಹಿಗೂ ಎರಡು ವರ್ಷ ಮುಂಚೆ, 1976ರಲ್ಲಿ, ನೌಕಾಪಡೆಯಲ್ಲಿದ್ದು ಬಂದ ಜ್ಯಾಕ್ ಮೆಕಾಲಿಫ್ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಕಟ್ಟಿದ. ಅಷ್ಟು ಚಿಕ್ಕ ಬ್ರೂವರಿಗೆ ಬೇಕಾದ ಯಂತ್ರಗಳನ್ನು ಆಗ ಮಾರುವವರೇ ಇರಲಿಲ್ಲ. ಅವನು ಕೋಕಾ ಕೋಲಾ ಪಾಕ ತುಂಬಿ ಬರುತ್ತಿದ್ದ 55 ಗ್ಯಾಲನ್ನಿನ ಸ್ಟೀಲ್ ಪೀಪಾಯಿಗಳನ್ನು ತಂದು, ಕತ್ತರಿಸಿ, ಬೆಸೆದು ಬಿಯರ್ ಮಾಡಿದ. ಆ ಬ್ರೂವರಿ 1982ರಲ್ಲಿ ಮುಚ್ಚಿತು. ಅದು ನಡೆಯುತ್ತಿದ್ದಾಗ ಕಣ್ಣಾರೆ ಕಂಡವರಲ್ಲಿ ಕೆನ್ ಗ್ರಾಸ್‌ಮನ್ ಒಬ್ಬ. ಚೀಕೋ ಎಂಬ ಊರಿನಲ್ಲಿ ಮನೆ ಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದವನು. ಬೆಸುಗೆ ಕಲಿತು, ಡೇರಿಗಳು ಕೈಬಿಟ್ಟ ಹಾಲಿನ ತೊಟ್ಟಿಗಳನ್ನು ಕೂಡಿಹಾಕಿ, ಪಾಲ್ ಕಮೂಸಿಯ ಜೊತೆ ಸೇರಿ 1980ರ ನವೆಂಬರ್‌ನಲ್ಲಿ ಮೊದಲ ಬಿಯರ್ ಕುದಿಸಿದ. ಅದೇ ಸಿಯೆರಾ ನೆವಾಡಾ. ಇಂದು ಅಮೆರಿಕದ ಬಲು ದೊಡ್ಡ ಕ್ರಾಫ್ಟ್ ಬ್ರೂವರಿಗಳಲ್ಲಿ ಒಂದು. ಹಾಲಿನ ತೊಟ್ಟಿಯೇ ಏಕೆ ಎಂದರೆ, ಹಾಲು ಬಲು ಬೇಗ ಕೆಡುವ ವಸ್ತು. ಅದಕ್ಕಾಗಿ ಮಾಡಿದ ಪಾತ್ರೆಯ ಒಳಮೈ ನುಣುಪು, ಮೂಲೆಗಳು ದುಂಡು, ಬೆಸುಗೆ ಉಜ್ಜಿ ಸಮ ಮಾಡಿದ್ದು. ಇಂದಿಗೂ ಹಳೇ ಪಾತ್ರೆ ಹುಡುಕುವವರು ಡೇರಿಯದು ಎಂದರೆ ಕಿವಿ ನಿಮಿರಿಸುತ್ತಾರೆ.

ಆದರೆ ಸ್ಟೀಲಿನದೆಲ್ಲ ಕೊಳ್ಳತಕ್ಕದ್ದಲ್ಲ. ಬಾರುಗಳಲ್ಲಿ ಕಾಣುವ ದೊಡ್ಡ ಬಿಯರ್ ಪೀಪಾಯಿ, ಅಂದರೆ 15.5 ಗ್ಯಾಲನ್ನಿನ ಸ್ಯಾಂಕಿ ಕೆಗ್, ಮನೆಯವರಿಗೆ ಬಹು ಕಾಲದ ಆಸೆ. ಅದರ ತಲೆಯನ್ನು ದುಂಡಗೆ ಕತ್ತರಿಸಿದರೆ ಸುಮಾರು 58 ಲೀಟರಿನ ಗಟ್ಟಿಮುಟ್ಟಾದ ಹಂಡೆ ಸಿಗುತ್ತದೆ. ತೊಡಕೆಂದರೆ ಅದು ಮಾರುವವನ ಸ್ವತ್ತಾಗಿರುವುದು ಅಪರೂಪ. ಅಂಗಡಿಯಲ್ಲಿ ಕೆಗ್ ತರುವಾಗ ಕಟ್ಟುವುದು ಠೇವಣಿ, ಬೆಲೆಯಲ್ಲ. ಠೇವಣಿ ಬಿಟ್ಟುಕೊಟ್ಟ ಮಾತ್ರಕ್ಕೆ ಪೀಪಾಯಿ ನಿಮ್ಮದಾಗುವುದಿಲ್ಲ. ಕತ್ತಿನ ಮೇಲೆ ಬ್ರೂವರಿಯ ಹೆಸರು ಒತ್ತಿರುತ್ತದೆ. ಒಂದು ಪೀಪಾಯಿ ಕಳೆದರೆ ಅದರ ನಿಜವಾದ ಬೆಲೆ ಬೀಳುವುದು ಬ್ರೂವರಿಯ ಮೇಲೆ, ಅದರಲ್ಲೂ ಸಣ್ಣ ಬ್ರೂವರಿಗೆ ಅದು ದೊಡ್ಡ ಪೆಟ್ಟು. ಈ ಹವ್ಯಾಸವನ್ನು ಪ್ರೀತಿಸುವವರು ಅದನ್ನು ಮುಟ್ಟಬಾರದು ಎಂದೇ ನನ್ನ ನಿಲುವು. ಬ್ರೂವರಿಯವರೇ ಕೆಲಸಕ್ಕೆ ಬಾರದೆಂದು ತೆಗೆದು, ರಶೀದಿ ಕೊಟ್ಟು ಮಾರಿದ್ದಾದರೆ ಮಾತ್ರ ಸರಿ. ಆಗಲೂ ಒಳಗಿನ ಒತ್ತಡ ಪೂರ್ತಿ ಬಿಡಿಸದೆ ಕವಾಟ ಬಿಚ್ಚುವುದಾಗಲಿ, ಬ್ಲೇಡು ಮುಟ್ಟಿಸುವುದಾಗಲಿ ಪ್ರಾಣಕ್ಕೆ ಅಪಾಯ. ಪ್ಲಾಸ್ಟಿಕ್ಕಿನ ಕೆಗ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: 2012ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬ್ರೂವರಿಯೊಂದರಲ್ಲಿ ತೊಳೆಯುವಾಗ ಅಂಥದೊಂದು ಸಿಡಿದು ಕೆಲಸಗಾರನೊಬ್ಬ ಸತ್ತ.

ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಇನ್ನೂ ಹಿಂದಿನ ಪೀಪಾಯಿಗಳೂ ಸಿಗುತ್ತವೆ. ಹೊಟ್ಟೆ ಉಬ್ಬಿ, ಪಕ್ಕದಲ್ಲಿ ಬಿರಡೆಯ ತೂತಿದ್ದು, ನೆತ್ತಿಯಲ್ಲಿ ಎರಡು ತೂತಿನ ನಲ್ಲಿಯ ಜಾಗವಿದ್ದರೆ ಅದು ಹಾಫ್ ಸ್ಟೀವನ್ಸ್ ಬಗೆಯದು. ಈಗ ಅದಕ್ಕೆ ನಲ್ಲಿ ಸಿಗುವುದು ಕಷ್ಟ. ಒಳಗನ್ನು ನೋಡಲೂ ಆಗದು, ಉಜ್ಜಲೂ ಆಗದು. ಅಂಗಳದಲ್ಲಿ ಹೂಗಿಡದ ಪಕ್ಕ ಚೆನ್ನಾಗಿ ಕಾಣುತ್ತದೆ.

ಗ್ಯಾಸಿನ ಸಿಲಿಂಡರಿನದೂ ಇದೇ ಕಥೆ. ಬಿಯರಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ತುಂಬುವ ಸಿಲಿಂಡರಿನ ಭುಜದ ಮೇಲೆ ಅದರ ಜಾತಕವೇ ಕೆತ್ತಿರುತ್ತದೆ. ಅಲ್ಯುಮಿನಿಯಮ್ಮಿನದಾದರೆ ‘ಡಿಒಟಿ 3ಎಎಲ್ 1800’ ಎಂದೋ ಅಂಥದ್ದೇನೋ ಇರುತ್ತದೆ; ಕೊನೆಯ ಸಂಖ್ಯೆ ತಡೆಯುವ ಒತ್ತಡ. ಬರಿದಾದಾಗಿನ ತೂಕ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ಒತ್ತಡ ಪರೀಕ್ಷೆ ನಡೆದ ತಿಂಗಳು ಮತ್ತು ವರ್ಷ ಇರುತ್ತದೆ. ಆ ಪರೀಕ್ಷೆ ಐದು ವರ್ಷಕ್ಕೊಮ್ಮೆ ಆಗಲೇಬೇಕು. ದಾಟಿದ್ದರೆ ಯಾವ ಡೀಲರೂ ಗ್ಯಾಸ್ ತುಂಬುವುದಿಲ್ಲ. ತೀರಿದ ತಾರೀಖನ್ನು ತೋರಿಸಿ, ಪರೀಕ್ಷೆಯ ಖರ್ಚನ್ನು ಬೆಲೆಯಿಂದ ಕಳೆಯಿರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕತ್ತಿನ ಉಂಗುರದ ಮೇಲೆ ಗ್ಯಾಸ್ ಕಂಪನಿಯ ಹೆಸರಿದ್ದರೆ ಅದು ಬಾಡಿಗೆಯ ಸಿಲಿಂಡರು, ಮಾರುವ ಹಕ್ಕು ಮನೆಯವರಿಗಿಲ್ಲ.

ಹಂಡೆ ಆರಿಸುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಒಳ್ಳೆಯ ಅಡುಗೆ ಸ್ಟೀಲು, ಅಂದರೆ 304 ದರ್ಜೆಯದು, ಅಯಸ್ಕಾಂತವನ್ನು ಹಿಡಿಯುವುದಿಲ್ಲ. ಬಗ್ಗಿಸಿದ, ಒತ್ತಿದ ಜಾಗಗಳಲ್ಲಿ ಮಾತ್ರ ತುಸು ಎಳೆಯಬಹುದು. ಗಟ್ಟಿಯಾಗಿ ಅಂಟಿಕೊಂಡರೆ ಅದು ಬೇಗ ತುಕ್ಕು ಹಿಡಿಯುವ ಅಗ್ಗದ ದರ್ಜೆ ಇರಬಹುದು. ತಳಕ್ಕೆ ಅಂಟಿಕೊಂಡರೆ ಗಾಬರಿ ಬೇಡ, ಇಂಡಕ್ಷನ್ ಒಲೆಗೆಂದು ಬೇರೆ ತಟ್ಟೆ ಬೆಸೆದಿರುತ್ತಾರೆ. ಒಳಗೆ ಸೂಜಿಮೊನೆಯಂಥ ಕಪ್ಪು ಗುಳಿಗಳಿದ್ದರೆ ಯಾರೋ ಕ್ಲೋರಿನ್ ಬ್ಲೀಚು ಹಾಕಿ ಇಟ್ಟಿದ್ದಾರೆ ಎಂದು ಅನುಮಾನಿಸಿ. ಸ್ಟೀಲಿಗೆ ಕ್ಲೋರಿನ್ ಶತ್ರು. ಅಲ್ಯುಮಿನಿಯಂ ಪಾತ್ರೆಯ ಬಗ್ಗೆ ಇರುವ ಭಯ ಅತಿಯಾದದ್ದು. ಒಳಗಿನ ಬೂದುಬಣ್ಣದ ಪದರವನ್ನು ಹೊಳೆಯುವಂತೆ ಉಜ್ಜದೆ ಹಾಗೇ ಬಿಟ್ಟರೆ ಅದೇ ಕಾಪು. ಹೋಟೆಲು ಮುಚ್ಚಿದಾಗ ಹರಾಜಿಗೆ ಬರುವ ದಪ್ಪ ಅಲ್ಯುಮಿನಿಯಂ ಹಂಡೆಯಷ್ಟು ಲಾಭದ ಖರೀದಿ ಇನ್ನೊಂದಿಲ್ಲ. ಎನಾಮಲ್ ಬಳಿದದ್ದಾದರೆ ಒಳಗೆ ಒಂದು ಚಕ್ಕೆ ಎದ್ದಿದ್ದರೂ ಬೇಡ, ಕೆಳಗಿನ ಕಬ್ಬಿಣ ಬಿಯರಿಗೆ ರಕ್ತದ ರುಚಿ ಕೊಡುತ್ತದೆ.

ತಾಮ್ರ ಮತ್ತು ಹಿತ್ತಾಳೆಯ ವಿಷಯ ಬೇರೆ. ಕುದಿದ ರಸವನ್ನು ತಣಿಸಲು ಸುರುಳಿ ಸುತ್ತಿದ ತಾಮ್ರದ ಕೊಳವೆಯನ್ನು ಹಂಡೆಯೊಳಗೆ ಇಳಿಸಿ, ಕೊಳವೆಯೊಳಗೆ ತಣ್ಣೀರು ಹರಿಸುತ್ತಾರೆ. ನೋಡಿದವರು ಕೊಳಾಯಿಯವರ ಸಾಮಾನೆಂದೋ ಸಾರಾಯಿ ಬಟ್ಟಿಯ ಭಾಗವೆಂದೋ ತಿಳಿಯುತ್ತಾರೆ. ಎರಡು ತುದಿಗೂ ತೋಟದ ಪೈಪು ಸಿಕ್ಕಿಸುವ ಜೋಡಣೆ ಇದ್ದರೆ ಅದು ತಣಿಸುವ ಸುರುಳಿ. ಮುಚ್ಚಿದ ತಲೆ, ಅದರಿಂದ ಇಳಿಯುವ ಕೊಳವೆ ಇದ್ದರೆ ಅದು ಬಟ್ಟಿ. ಮನೆಯಲ್ಲಿ ಸಾರಾಯಿ ಬಟ್ಟಿ ಇಳಿಸುವುದನ್ನು ಅಮೆರಿಕದ ಕಾನೂನು ಬಹು ಕಾಲದಿಂದ ಅಪರಾಧವೆಂದು ಕಂಡಿದೆ. ಕಳ್ಳಬಟ್ಟಿಯವರು ಕಾರಿನ ರೇಡಿಯೇಟರನ್ನೇ ತಣಿಸುವ ಸಾಧನವಾಗಿ ಬಳಸಿದ್ದರಿಂದ ಕುಡಿದವರ ಮೈಗೆ ಸೀಸದ ವಿಷ ಏರಿದ ಪ್ರಸಂಗಗಳು ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತು.

ಸೀಸ ಇರುವುದು ಬೆಸುಗೆಯಲ್ಲಿ. ಅಮೆರಿಕದಲ್ಲಿ ಕುಡಿಯುವ ನೀರಿನ ಕೊಳಾಯಿಗೆ ಸೀಸದ ಬೆಸುಗೆಯನ್ನು ನಿಷೇಧಿಸಿದ್ದು 1986ರಲ್ಲಿ. ಅದಕ್ಕಿಂತ ಹಳೆಯ ಬೆಸುಗೆ ಕಂಡರೆ, ಅದರಲ್ಲೂ ಬಿಸಿ ಹುಳಿರಸ ತಾಗುವ ಜಾಗದಲ್ಲಿದ್ದರೆ, ನನ್ನ ಸಲಹೆ ಒಂದೇ: ಬಿಡಿ. ಹಳೆಯ ಕಲಾಯಿ ಹಾಕಿದ ಹಾಲಿನ ಕ್ಯಾನುಗಳಿಗೂ ಇದೇ ಮಾತು. ಹಿತ್ತಾಳೆಯ ನಲ್ಲಿಗಳಲ್ಲಿ ಸೀಸ ಲೋಹದೊಳಗೇ ಬೆರೆತಿರುತ್ತದೆ, ಮೇಲ್ಮೈಯಲ್ಲಿ ಮಾತ್ರ ಅದನ್ನು ತೆಗೆಯಬಹುದು. ಲೋಹಶಾಸ್ತ್ರಜ್ಞನೂ ಆದ ಜಾನ್ ಪಾಮರ್ ‘ಹೌ ಟು ಬ್ರೂ’ ಪುಸ್ತಕದಲ್ಲಿ ಹೇಳುವ ವಿಧಾನ ಸರಳ: ಎರಡು ಪಾಲು ಬಿಳಿ ವಿನಿಗರ್, ಒಂದು ಪಾಲು ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಹಿತ್ತಾಳೆ ಬೆಣ್ಣೆಯ ಹಳದಿಗೆ ತಿರುಗುವ ತನಕ ಕೆಲವು ನಿಮಿಷ ಅದ್ದಿಡುವುದು. ದ್ರಾವಣ ಹಸಿರಾಗಿ ಲೋಹ ಕಪ್ಪಾದರೆ ಹೊತ್ತು ಮೀರಿತು ಎಂದರ್ಥ. ಪಾನನಿಷೇಧದ ಕಾಲದಲ್ಲಿ ಬಿಯರ್ ಹುದುಗಿಸಲು ಬಳಸುತ್ತಿದ್ದ ದೊಡ್ಡ ಪಿಂಗಾಣಿ ಜಾಡಿಗಳು ಈಗಲೂ ಸಿಗುತ್ತವೆ, ನೋಡಲು ಬಲು ಚಂದ. ಅವುಗಳ ಹೊಳಪಿನಲ್ಲೂ ಸೀಸ ಇರಬಹುದು, ಬಿರುಕಿನಲ್ಲಿ ಹುಳಿಯ ಬೀಜ ಇರಬಹುದು. ಕೊಡೆ ಇಟ್ಟುಕೊಳ್ಳಲು ಸೈ.

ಪ್ಲಾಸ್ಟಿಕ್ ಬಕೆಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಳದಲ್ಲಿ ತ್ರಿಕೋನದೊಳಗೆ 2 ಎಂದಿದ್ದು, ಆಹಾರಕ್ಕೆಂದೇ ಮಾಡಿದ್ದಾಗಿದ್ದರೆ ಒಳ್ಳೆಯದು. ಕೇಕಿನ ಮೇಲೆ ಬಳಿಯುವ ಸಕ್ಕರೆ ಕೆನೆ ತುಂಬಿ ಬರುವ 5 ಗ್ಯಾಲನ್ನಿನ ಬಕೆಟ್ಟನ್ನು ಬೇಕರಿಯವರು ಕೇಳಿದರೆ ಕೊಟ್ಟುಬಿಡುತ್ತಾರೆ. ಉಪ್ಪಿನಕಾಯಿ ತುಂಬಿದ್ದ ಬಕೆಟ್ಟಿನ ವಾಸನೆ ಏನು ಮಾಡಿದರೂ ಹೋಗದು. ಬೇರೆಯವರು ವರ್ಷಗಟ್ಟಲೆ ಬಿಯರ್ ಹುದುಗಿಸಿ, ಒರಟು ಬ್ರಶ್ಶಿನಿಂದ ಉಜ್ಜಿದ ಬಕೆಟ್ಟನ್ನು ಬಿಟ್ಟಿ ಕೊಟ್ಟರೂ ಹುದುಗಿಸಲು ಬಳಸಬೇಡಿ. ಕಾಳು ತುಂಬಿಡಲಿಕ್ಕೆ ಸಾಕು. ಕೊಳವೆಗಳು, ತಿದಿಯ ಪಂಪುಗಳು, ನಲ್ಲಿಯ ವಾಷರುಗಳು ಇವೆಲ್ಲವೂ ಹೊಸದೇ ಆಗಬೇಕು. ತೆಳು ತಗಡುಗಳನ್ನು ಒಂದರ ಮೇಲೊಂದು ಬೆಸೆದು ಮಾಡಿದ ‘ಪ್ಲೇಟ್ ಚಿಲ್ಲರ್’ ಎಂಬ ತಣಿಸುವ ಸಾಧನ ಹೊಸದಕ್ಕೆ ದುಬಾರಿ, ಹಳೆಯದು ಅಗ್ಗ. ಆದರೆ ಅದನ್ನು ಬಿಚ್ಚಲಾಗದು, ಒಳಗೆ ಇಣುಕಲಾಗದು. ಹಿಂದಿನವರ ಹಾಪ್ಸ್ ಚೂರುಗಳು ಅಲ್ಲೇ ಕೊಳೆಯುತ್ತಿರಬಹುದು.

ಗಾಜಿನ ಬುಡ್ಡಿ, ಅಂದರೆ ಕಾರ್ಬಾಯ್, ಹುದುಗಿಸಲು ಎಲ್ಲಕ್ಕಿಂತ ಶುಚಿ, ಎಲ್ಲಕ್ಕಿಂತ ಅಪಾಯ. ಗಾಜು ವಾಸನೆ ಹಿಡಿಯುವುದಿಲ್ಲ, ಗೀರುವುದೂ ಕಡಿಮೆ. ಆದರೆ ತುಂಬಿದ ಬುಡ್ಡಿ 20 ಕಿಲೋ ಮೀರುತ್ತದೆ, ಒದ್ದೆ ಕೈಯಿಂದ ಜಾರಿದರೆ ನರ ಕತ್ತರಿಸುವಂಥ ಗಾಯ. ಕೊಳ್ಳುವ ಮುಂಚೆ ಬಿಸಿಲಿಗೆ ಹಿಡಿದು ಗೀರು, ಕೂದಲೆಳೆಯ ಬಿರುಕು, ಗಾಜಿನೊಳಗಿನ ಗುಳ್ಳೆ ನೋಡಬೇಕು. ಬೆರಳ ಗಂಟಿನಿಂದ ತಟ್ಟಿದಾಗ ಮಂಕಾದ ಸದ್ದು ಬಂದರೆ ಬಿಡಬೇಕು. ಹಿಂದೆ ಕೆಲವು ಬುಡ್ಡಿಗಳಲ್ಲಿ ಆಮ್ಲ ಮಾರುತ್ತಿದ್ದರು. ತೊಳೆದರೆ ಗಾಜಿಗೇನೂ ಆಗದು, ಆದರೆ ಏನಿತ್ತು ಎಂದು ಹೇಳಲಾರದವರಿಂದ ಕೊಳ್ಳುವ ಅಗತ್ಯವೂ ಇಲ್ಲ. ಕತ್ತಿಗೆ ಸಿಕ್ಕಿಸುವ ಹಿಡಿ ಖಾಲಿ ಬುಡ್ಡಿ ಎತ್ತಲು ಮಾತ್ರ.

ಹಳೆಯ ಸಾಮಾನಿನ ರಾಶಿಯಲ್ಲಿ ಗಾಜಿನ ಉದ್ದನೆಯ ತೇಲುಮಾಪಕವೊಂದು ಇದ್ದೇ ಇರುತ್ತದೆ. ನಮ್ಮ ಕಡೆ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಕಂಡವರಿಗೆ ಅದು ಹೊಸದಲ್ಲ. ತೇಲುಮಾಪಕಗಳೆಲ್ಲ ಒಂದೇ ಕುಲ, ಅಂಕಿಗಳ ವ್ಯಾಪ್ತಿ ಬೇರೆ. ಅಂಕಿ 1.015ರಿಂದ 1.040ರ ಆಸುಪಾಸಿನಲ್ಲೇ ಮುಗಿದರೆ ಹಾಲಿನದು. 1.100ರಿಂದ 1.300ರ ತನಕ ಇದ್ದು ರಬ್ಬರ್ ಬುಗ್ಗೆಯ ಕೊಳವೆಯೊಳಗಿದ್ದರೆ ಕಾರಿನ ಬ್ಯಾಟರಿಯ ಆಮ್ಲದ್ದು, ಅದನ್ನು ಅಡುಗೆಮನೆಗೆ ತರಲೇಬಾರದು. ಬಿಯರಿನದು 1.000ಕ್ಕಿಂತ ತುಸು ಕೆಳಗಿನಿಂದ ಶುರುವಾಗಿ 1.100 ದಾಟುತ್ತದೆ, ಪಕ್ಕದಲ್ಲಿ ಸಕ್ಕರೆಯ ಮತ್ತು ಮದ್ಯಾಂಶದ ಅಳತೆಗಳೂ ಇರುತ್ತವೆ. ಒಳಗಿನ ಕಾಗದ ಜಾರಿದ್ದರೆ ಅಳತೆಯೆಲ್ಲ ಸುಳ್ಳು. ಕಾಗದದಲ್ಲಿ ನಮೂದಿಸಿದ ಉಷ್ಣತೆಯ ಶುದ್ಧ ನೀರಿನಲ್ಲಿ ತೇಲಿಬಿಟ್ಟಾಗ ಸರಿಯಾಗಿ 1.000 ತೋರಿಸಬೇಕು.

ಕೊನೆಗೆ ನನಗೆ ಅತ್ಯಂತ ಪ್ರಿಯವಾದ ವಸ್ತು: ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ. ಪಾನನಿಷೇಧದ ವರ್ಷಗಳಲ್ಲಿ ಬಿಯರ್ ಮಾರುವಂತಿರಲಿಲ್ಲ, ಆದರೆ ಮಾಲ್ಟ್ ಪಾಕದ ಡಬ್ಬಿಗಳನ್ನು ರೊಟ್ಟಿಗೆಂದು ಮಾರಬಹುದಿತ್ತು. ಆನ್‌ಹೈಸರ್ ಬುಷ್, ಪ್ಯಾಬ್ಸ್ಟ್ ಮೊದಲಾದ ದೊಡ್ಡ ಬ್ರೂವರಿಗಳೇ ಮಾರಿದವು. ಜನ ಅದರಿಂದ ಏನು ಮಾಡಿಕೊಂಡರು ಎಂಬುದಕ್ಕೆ ಅದೇ ಕಾಲದಲ್ಲಿ ಮಾರಾಟವಾದ ಮುಚ್ಚಳದ ಯಂತ್ರಗಳೇ ಸಾಕ್ಷಿ. ಮೇರಿಲ್ಯಾಂಡ್ ರಾಜ್ಯದ ಫ್ರೆಡೆರಿಕ್ ಊರಿನ ಎವರೆಡಿ ಕಂಪನಿಯ ಯಂತ್ರ ಇಂದಿಗೂ ಹಳೇ ಸಾಮಾನಿನ ಅಂಗಡಿಗಳಲ್ಲಿ ಕಾಣುತ್ತದೆ. ಟಾರ್ಚಿನ ಸೆಲ್ ಮಾಡುವ ಎವರೆಡಿಗೂ ಇದಕ್ಕೂ ಸಂಬಂಧವಿಲ್ಲ. ಎರಕದ ಪೀಠ, ನೆಟ್ಟನೆ ಕಂಬ, ಉದ್ದ ಹಿಡಿ. ಈ ಯಂತ್ರ ಇಂದೂ ಕೆಲಸ ಮಾಡಲು ಕಾರಣ, ಅದೇ ರಾಜ್ಯದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ತಗಡಿನ ಮುಚ್ಚಳದ ಬಾಯಳತೆ ಹೆಚ್ಚೇನೂ ಬದಲಾಗದೆ ಇರುವುದು. ಆಗ ಅದಕ್ಕೆ 24 ಹಲ್ಲು, ಒಳಗೆ ಬೆಂಡಿನ ಬಿಲ್ಲೆ. ಈಗ 21 ಹಲ್ಲು, ಒಳಗೆ ಪ್ಲಾಸ್ಟಿಕ್ ಪದರ. ಬಾಯಗಲ ಮಾತ್ರ ಸುಮಾರು 26 ಮಿಲಿಮೀಟರ್. ನೂರು ವರ್ಷದ ಯಂತ್ರಕ್ಕೆ ಇಂದಿನ ಮುಚ್ಚಳ ಕೂರುತ್ತದೆ ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ. ಯುರೋಪಿನ ಕೆಲವು ಬಾಟಲಿಗಳ ಬಾಯಿ 29 ಮಿಲಿಮೀಟರ್, ಅದಕ್ಕೆ ಮುಚ್ಚಳ ಒತ್ತುವ ಬೇರೆ ತಲೆ ಬೇಕು. ಕೊಳ್ಳಲು ಹೋಗುವಾಗ ಒಂದು ಖಾಲಿ ಬಾಟಲಿ, ನಾಲ್ಕಾರು ಮುಚ್ಚಳ ಚೀಲದಲ್ಲಿರಲಿ, ಅಲ್ಲೇ ಒತ್ತಿ ನೋಡಿ. ಬಾಟಲಿ ಕಂದು ಬಣ್ಣದ್ದಾಗಿರಲಿ. ಹಸಿರು ಮತ್ತು ಬಿಳಿ ಗಾಜು ಬೆಳಕನ್ನು ಒಳಬಿಡುವುದರಿಂದ ಹಾಪ್ಸ್‌ನ ಕಹಿ ಒಡೆದು, ಕೆಟ್ಟ ಗಂಧಕದ ವಾಸನೆ ಹುಟ್ಟುತ್ತದೆ. ತಿರುಗಿಸಿ ತೆಗೆಯುವ ಬಾಯಿಯ ಬಾಟಲಿಗೆ ಈ ಮುಚ್ಚಳ ಬಿಗಿಯಾಗಿ ಕೂರದು.

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೆಲ್ಲ ಮನೆಯ ಗರಾಜಿನಲ್ಲೇ ಮಾಡಬಹುದಾದ ಹವ್ಯಾಸ. ಊರಿಗೆ ಮರಳುವವರು ಮಾತ್ರ ಒಂದನ್ನು ತಿಳಿದಿರಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದಷ್ಟೇ ಅಲ್ಲ, ತಯಾರಿಸುವ ಉದ್ದೇಶದಿಂದ ಪಾತ್ರೆ ಪರಿಕರ ಇಟ್ಟುಕೊಳ್ಳುವುದೂ ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ನಡೆಯುವುದು ಪರವಾನಗಿಯ ಮೇಲೆ. ಸಾಮಾನು ಸಾಗಿಸುವ ಕಂಟೇನರಿನಲ್ಲಿ ಇವುಗಳನ್ನು ತುಂಬುವುದಕ್ಕಿಂತ ಅಲ್ಲೇ ಇನ್ನೊಬ್ಬರಿಗೆ ಮಾರಿ ಬರುವುದು ಒಳ್ಳೆಯದು. ಮಾರುವಾಗ ಪ್ರತಿ ಪಾತ್ರೆಯಲ್ಲಿ ಏನಿತ್ತು, ಯಾವುದರ ರಬ್ಬರ್ ಯಾವಾಗ ಬದಲಿಸಿದ್ದು ಎಂದು ಒಂದು ಚೀಟಿ ಬರೆದು ಅಂಟಿಸಿದರೆ ಕೊಂಡವರಿಗೆ ದೊಡ್ಡ ಉಪಕಾರ.

ಕೊಂಡವರು ಮನೆಗೆ ತಂದ ದಿನವೇ ಬಿಯರ್ ಮಾಡಲು ಹೊರಡಬಾರದು. ಮೊದಲು ಬರೀ ನೀರಿನಲ್ಲಿ ಇಡೀ ಕೆಲಸ ನಡೆಸಿ ನೋಡಬೇಕು: ಹಂಡೆಯಲ್ಲಿ ನೀರು ಕುದಿಸಿ, ಸುರುಳಿಯಲ್ಲಿ ತಣಿಸಿ, ಡಬ್ಬಿಗೆ ತುಂಬಿ, ಗ್ಯಾಸ್ ಕೊಟ್ಟು, ನಲ್ಲಿ ತಿರುಗಿಸಿ. ಎಲ್ಲಿ ಸೋರುತ್ತದೆ, ಕುದಿ ಬರಲು ಎಷ್ಟು ಹೊತ್ತು, ಯಾವ ಜೋಡಣೆಗೆ ಸ್ಪ್ಯಾನರು ಬೇಕು ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ. ಹಳೇ ಹಂಡೆಗಳ ಒಳಗೆ ಅಳತೆಯ ಗೆರೆ ಇರುವುದು ಕಡಿಮೆ. ಆ ನೀರನ್ನು ಒಂದೊಂದೇ ಗ್ಯಾಲನ್ ಅಳೆದು ಸುರಿಯುತ್ತಾ, ಉದ್ದ ಹಿಡಿಯ ಮರದ ಸೌಟನ್ನು ನೆಟ್ಟಗೆ ಇಳಿಸಿ, ನೀರು ಮುಟ್ಟಿದ ಜಾಗದಲ್ಲಿ ಚಾಕುವಿನಿಂದ ಒಂದೊಂದು ಗೆರೆ ಕೊರೆದುಕೊಳ್ಳಿ.